ಅಂಚು ಮಡಚುವ ಲೆಕ್ಕ

ಅಪ್ಪನ ಜೇಬಿನಲ್ಲಿರುವ ಚರ್ಮದ ಪಾಕೀಟನ್ನು ಒಮ್ಮೆ ಕೈಗೆತ್ತಿಕೊಂಡು ಅದರ ಅಂಚನ್ನು ನಿಧಾನವಾಗಿ ನೋಡಿ. ಚರ್ಮವನ್ನು ಕತ್ತರಿಸಿದ ಗುರುತು ಎಲ್ಲಿಯೂ ಕಾಣುವುದಿಲ್ಲ. ಮೇಲಿನ ನುಣುಪಾದ ಮೈಯೇ ಅಂಚಿನಲ್ಲಿ ತಿರುಗಿ ಒಳಗೆ ಹೋಗಿ ಅಡಗಿರುತ್ತದೆ. ಅದರ ಪಕ್ಕದಲ್ಲಿ ಒಂದು ಸಾಲು ಹೊಲಿಗೆ. ಇನ್ನು ಮೂಲೆಯನ್ನು ನೋಡಿ. ಅಲ್ಲಿ ಅಂಚು ದುಂಡಗೆ ತಿರುಗಿದೆ. ಆದರೂ ಮೇಲ್ಗಡೆ ಒಂದು ಸುಕ್ಕಿಲ್ಲ, ಒಂದು ಬಿರುಕಿಲ್ಲ. ಒಳಗಿನ ಅಸ್ತರಿನ ಮೇಲೆ ಬೆರಳೊತ್ತಿದರೆ ಮಾತ್ರ ಸಣ್ಣ ಸಣ್ಣ ನಿರಿಗೆಗಳು ತಾಕುತ್ತವೆ.

ಇದು ಯಾರೂ ಗಮನಿಸದ ಕೆಲಸ. ಸರಿಯಾಗಿ ಆಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಕೆಟ್ಟಿದ್ದರೆ ಮಾತ್ರ ಎದ್ದು ಕಾಣುತ್ತದೆ. ಆದರೆ ಇದರೊಳಗೆ ಪ್ರೌಢಶಾಲೆಯ ರೇಖಾಗಣಿತವಿದೆ, ಭೌತವಿಜ್ಞಾನವಿದೆ, ರಸಾಯನವಿಜ್ಞಾನವಿದೆ. ಒಮ್ಮೊಮ್ಮೆ ಒಂದು ಮನೆಯ ಯಜಮಾನನ ಕಾಲಿನ ಪ್ರಶ್ನೆಯೂ ಇರುತ್ತದೆ.

ಜಾರಿದ ಚಪ್ಪಲಿ

ವಿಜಯಪುರ ನಗರದಿಂದ ಉತ್ತರಕ್ಕೆ ಹೊರಡುವ ಸೊಲ್ಲಾಪುರ ರಸ್ತೆ ಹಗಲಿರುಳೂ ಮಲಗದ ರಸ್ತೆ. ಲಾರಿಗಳು, ಬಸ್ಸುಗಳು, ಕಾಲೇಜಿಗೆ ಹೋಗುವ ಹುಡುಗರು. ಅಂಥ ರಸ್ತೆಯಿಂದ ಒಳಗೆ ಸರಿದ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯೇ ಕಾರ್ಖಾನೆ. ಅಲ್ಲಿ ಬೆಲ್ಟು, ಪಾಕೀಟು, ಹೆಣ್ಣುಮಕ್ಕಳ ಕೈಚೀಲ ತಯಾರಾಗುತ್ತವೆ. ತಂದೆ ಕತ್ತರಿಸಿ, ಅಂಟು ಹಚ್ಚಿ, ಅಂಚು ಮಡಚುತ್ತಾನೆ. ತಾಯಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಮಗ ಒಂಬತ್ತನೆಯ ತರಗತಿ. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಸಾಲಿನ ಮುಂದೆ ಅವನು ‘ವ್ಯಾಪಾರ’ ಎಂದು ಬರೆದಿದ್ದ. ತೊಗಲಿನ ಕೆಲಸ ಎಂದು ಬರೆಯಲು ಅವನಿಗೆ ಮನಸ್ಸಾಗಿರಲಿಲ್ಲ. ಹೀಗೆ ಬರೆಯುವ ಮಕ್ಕಳು ನಮ್ಮಲ್ಲಿ ಒಬ್ಬಿಬ್ಬರಲ್ಲ. ಹಾಗೆ ಬರೆಯುವಂತೆ ಮಾಡಿದ್ದು ಅವರ ತಪ್ಪೂ ಅಲ್ಲ.

ಒಂದು ಸಂಜೆ ಸಂತೆಯಿಂದ ಬರುವಾಗ ತಾಯಿ ಹಿಂದೆ ತಿರುಗಿ ನೋಡಿದಳು.

“ಏನ್ರೀ, ಚಪ್ಪಲಿ ಹಿಂದ ಬಿಟ್ಟು ಬಂದೀರಲ್ಲ.”

“ಎಲ್ಲಿ? ಕಾಲಾಗ ಐತಲ್ಲ.”

ಕೆಳಗೆ ನೋಡಿದರೆ ಎಡಗಾಲು ಬರಿದಾಗಿತ್ತು. ಹತ್ತು ಮಾರು ಹಿಂದೆ ಚಪ್ಪಲಿ ಬಿದ್ದಿತ್ತು. ಅಷ್ಟು ದೂರ ಬರಿಗಾಲಿನಲ್ಲಿ ಕಲ್ಲು ತುಳಿದು ಬಂದಿದ್ದರೂ ಅವನಿಗೆ ತಿಳಿದಿರಲಿಲ್ಲ. ಅದಕ್ಕೂ ಕೆಲವು ತಿಂಗಳ ಮೊದಲಿನಿಂದ ಪಾದಗಳು ಜೋಮು ಹಿಡಿಯುತ್ತಿದ್ದವು. ದಿನವಿಡೀ ಚಕ್ಕಳಮಕ್ಕಳ ಹಾಕಿ ಕೂರುವುದರಿಂದ ಹೀಗಾಗುತ್ತದೆ ಎಂದು ಎಲ್ಲರೂ ಸುಮ್ಮನಿದ್ದರು.

ವೈದ್ಯರು ಮೊದಲು ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿದರು. ಅದು ಇರಲಿಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: “ಯಾವ ಅಂಟು ಬಳಸ್ತೀರಿ? ಕಿಟಕಿ ತೆರೆದಿರ್ತದೋ, ಇಲ್ಲೋ?”

ಕಿಟಕಿ ಮುಚ್ಚಿರುತ್ತಿತ್ತು. ಹೆದ್ದಾರಿಯ ಧೂಳು ಚರ್ಮದ ಮೇಲೆ, ಅಂಟಿನ ಮೇಲೆ ಕೂರಬಾರದಲ್ಲ!

ಡಬ್ಬಿಯೊಳಗಿನ ದ್ರಾವಕ

ಚಪ್ಪಲಿ ಹೊಲಿಯುವವರು ‘ಸಲೂಷನ್’ ಎಂದು ಕರೆಯುವ ಅಂಟು ನಿಜವಾಗಿ ರಬ್ಬರಿನ ದ್ರಾವಣ. ರಬ್ಬರ್ ನೀರಿನಲ್ಲಿ ಕರಗುವುದಿಲ್ಲ. ಪೆಟ್ರೋಲಿಯಮ್ಮಿನಿಂದ ಬರುವ ಕೆಲವು ದ್ರವಗಳಲ್ಲಿ ಕರಗುತ್ತದೆ. ಹಚ್ಚಿದ ಮೇಲೆ ದ್ರವ ಆವಿಯಾಗಿ ಹಾರಿಹೋಗುತ್ತದೆ, ರಬ್ಬರ್ ಉಳಿದು ಅಂಟುತ್ತದೆ. ಹಾರಿಹೋದದ್ದು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಹೋಗುವ ದಾರಿ ಒಂದೇ, ಕೆಲಸಗಾರನ ಶ್ವಾಸಕೋಶ.

ಇಂಥ ದ್ರವಗಳಲ್ಲಿ ಎನ್-ಹೆಕ್ಸೇನ್ ಒಂದು. ಅದರ ಅಣುಭಾರ 86. ಗಾಳಿಯ ಸರಾಸರಿ ಅಣುಭಾರ ಸುಮಾರು 29. ಅಂದರೆ ಹೆಕ್ಸೇನಿನ ಆವಿ ಗಾಳಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಭಾರ. ಡಬ್ಬಿಯಿಂದ ಎದ್ದ ಆವಿ ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿ ತಂಗುತ್ತದೆ. ನಮ್ಮ ಕಡೆಯ ಚರ್ಮದ ಕೆಲಸಗಾರ ಕೂರುವುದು ಎಲ್ಲಿ? ನೆಲದ ಮೇಲೆ. ಗೋಡೆಯ ತುದಿಯಲ್ಲಿರುವ ಗವಾಕ್ಷಿ ಅಲ್ಲಿ ಅಷ್ಟು ಉಪಯೋಗಕ್ಕೆ ಬಾರದು. ಗಾಳಿ ಕೆಳಗಿನಿಂದಲೇ ಹೊರಗೆ ಹೋಗಬೇಕು.

ದೇಹದೊಳಗೆ ಹೋದ ಹೆಕ್ಸೇನನ್ನು ಯಕೃತ್ತು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಆ ವಸ್ತು ನರತಂತುಗಳೊಳಗಿನ ಎಳೆಗಳನ್ನು ಕೆಡಿಸುತ್ತದೆ. ಅತಿ ಉದ್ದನೆಯ ನರಗಳಿಗೆ ಮೊದಲು ಪೆಟ್ಟು. ಮನುಷ್ಯನ ದೇಹದಲ್ಲಿ ಉದ್ದನೆಯ ನರಗಳು ಹೋಗುವುದು ಪಾದಕ್ಕೆ. ಹಾಗಾಗಿ ಜೋಮು ಪಾದದಲ್ಲಿ ಶುರುವಾಗಿ ಮೇಲೇರುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ, ಮನೆಗಳಲ್ಲೇ ಕುಳಿತು ಚಪ್ಪಲಿ ಅಂಟಿಸುತ್ತಿದ್ದ ಜನರಲ್ಲಿ ಈ ರೋಗ ಗುಂಪುಗುಂಪಾಗಿ ಕಾಣಿಸಿಕೊಂಡಿತು. ಮುಂದೆ ಇಟಲಿಯ ಪಾದರಕ್ಷೆ ಕೆಲಸಗಾರರಲ್ಲೂ ಅದನ್ನು ಗುರುತಿಸಲಾಯಿತು. 1970ರ ದಶಕದಲ್ಲಿ ಇಸ್ತಾಂಬುಲ್ ನಗರದ ವೈದ್ಯ ಮುಜಫ್ಫರ್ ಅಕ್ಸೊಯ್ ಅವರು, ಬೆಂಜೀನ್ ಬೆರೆತ ಅಂಟು ಬಳಸುತ್ತಿದ್ದ ಪಾದರಕ್ಷೆ ಕೆಲಸಗಾರರಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟರು. ಹೀಗೆ ಚಪ್ಪಲಿ ಮಾಡುವವರ ಮೈಯಿಂದ ಜಗತ್ತು ಈ ಪಾಠ ಕಲಿಯಿತು. ಪಾಠ ಮಾತ್ರ ಅವರ ಕೋಣೆಗಳಿಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಹೆಕ್ಸೇನಿಗೆ ಔಷಧಿ ಎಂದರೆ ಅದರಿಂದ ದೂರವಿರುವುದು. ನರಗಳು ತಾವಾಗಿಯೇ ಮೆಲ್ಲಗೆ ಚೇತರಿಸಿಕೊಳ್ಳುತ್ತವೆ, ತಿಂಗಳುಗಳು ಬೇಕು. ಕೆಲವೊಮ್ಮೆ ಬಿಟ್ಟ ಮೇಲೂ ಸ್ವಲ್ಪ ಕಾಲ ಜೋಮು ಹೆಚ್ಚಾಗಿ ಆಮೇಲೆ ಇಳಿಯುವುದುಂಟು.

ಅಂಟು ಬಿಟ್ಟರೆ ಅಂಚು ಮಡಚುವುದು ಹೇಗೆ? ಅಂಚು ಮಡಚದಿದ್ದರೆ ಪಾಕೀಟು ಮಾರುವುದು ಹೇಗೆ? ಮನೆಯವರೆಲ್ಲ ಯೋಚಿಸಿ ಕೊನೆಗೆ ಒಂದು ಹಳೆಯ ‘ಫೋಲ್ಡಿಂಗ್ ಮಷಿನ್’ ತರಿಸಿದರು. ಅದರಲ್ಲಿ ಬಳಸುವುದು ಬಿಸಿಗೆ ಕರಗಿ, ತಣಿದೊಡನೆ ಗಟ್ಟಿಯಾಗುವ ಅಂಟು. ಅದರಲ್ಲಿ ಹಾರಿಹೋಗುವ ದ್ರಾವಕವೇ ಇಲ್ಲ.

ಯಂತ್ರ ಮಾಡುವ ಕೆಲಸ

ಕೈಯಿಂದ ಮಡಚುವಾಗ ನಾಲ್ಕು ಹೆಜ್ಜೆಗಳಿವೆ. ಅಂಚನ್ನು ರಂಪಿಗೆಯಿಂದ ಹೆರೆದು ತೆಳ್ಳಗೆ ಮಾಡುವುದು, ಅಂಟು ಹಚ್ಚುವುದು, ಅದು ಕೈಗೆ ಹತ್ತದಷ್ಟು ಆರುವವರೆಗೆ ಕಾಯುವುದು, ಮಡಚಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು. ಯಂತ್ರ ಕೊನೆಯ ಮೂರನ್ನು ಒಂದೇ ಓಟದಲ್ಲಿ ಮುಗಿಸುತ್ತದೆ. ಕೆಲಸಗಾರ ಚರ್ಮದ ತುಂಡನ್ನು ಒಂದು ತಡೆಗೆ ತಾಗಿಸಿ ಒಳಗೆ ಕೊಡುತ್ತಾನೆ. ಆ ತಡೆ ಎಲ್ಲಿದೆಯೋ ಅದೇ ಮಡಿಕೆಯ ಅಗಲ. ಸಣ್ಣ ಮೂತಿಯೊಂದು ಕರಗಿದ ಅಂಟನ್ನು ಅಂಚಿನ ಒಳಮೈಗೆ ಸವರುತ್ತದೆ. ಬಾಗಿದ ಲೋಹದ ತುಂಡೊಂದು ಅಂಚನ್ನು ಎತ್ತಿ ಹೊರಳಿಸುತ್ತದೆ. ಪುಟ್ಟ ಸುತ್ತಿಗೆಯೊಂದು ಟಕಟಕನೆ ಬಡಿಯುತ್ತ ಅದನ್ನು ಒತ್ತಿ ಅಂಟಿಸುತ್ತ, ಚರ್ಮವನ್ನು ಮುಂದಕ್ಕೂ ಸರಿಸುತ್ತದೆ. ಬೇಕಾದರೆ ಹಿಗ್ಗದಂತೆ ತಡೆಯುವ ತೆಳುವಾದ ಪಟ್ಟಿಯನ್ನೂ ಮಡಿಕೆಯೊಳಗೆ ಸೇರಿಸುತ್ತದೆ.

ಮೊದಲನೆಯ ಹೆಜ್ಜೆ, ಅಂದರೆ ಹೆರೆಯುವುದು, ಬೇರೆ ಯಂತ್ರದ ಕೆಲಸ. ಅದನ್ನು ಸ್ಕೈವಿಂಗ್ ಯಂತ್ರ ಎನ್ನುತ್ತಾರೆ. ಗಂಟೆಯ ಆಕಾರದ ಉಕ್ಕಿನ ಅಲಗು ಗಿರ್ರನೆ ತಿರುಗುತ್ತ ಚರ್ಮದ ಒಳಮೈಯನ್ನು ಹೆರೆಯುತ್ತದೆ. ಈ ಹೆಜ್ಜೆ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ.

ಏಕೆಂದು ನೋಡಿ. ಚರ್ಮ 1.2 ಮಿ.ಮೀ. ದಪ್ಪವಿದೆ ಎನ್ನಿ. ಹಾಗೆಯೇ ಮಡಚಿದರೆ ಅಂಚು 2.4 ಮಿ.ಮೀ. ಆಗಿ ಉಬ್ಬುತ್ತದೆ. ಅಂಚನ್ನು ಅರ್ಧಕ್ಕೆ, ಅಂದರೆ 0.6 ಮಿ.ಮೀ.ಗೆ ಹೆರೆದು ಮಡಚಿದರೆ ಎರಡು ಪದರ ಸೇರಿ ಮತ್ತೆ 1.2 ಮಿ.ಮೀ. ಅಂಚೂ ನಡುವೂ ಒಂದೇ ಮಟ್ಟ. ಇದಕ್ಕಾಗಿ ಮಡಿಕೆಯ ಅಗಲದ ಸುಮಾರು ಎರಡು ಪಟ್ಟು ಅಗಲದವರೆಗೆ ಹೆರೆಯಬೇಕು. ಮಡಚಿಕೊಳ್ಳುವ ಭಾಗವೂ, ಅದು ಹೋಗಿ ಕೂರುವ ಭಾಗವೂ ತೆಳ್ಳಗಾಗಬೇಕಲ್ಲ. 5 ಮಿ.ಮೀ. ಮಡಿಕೆಗೆ ಸುಮಾರು 10 ಮಿ.ಮೀ. ಹೆರೆತ.

ಇನ್ನೊಂದು ಲಾಭ ಇನ್ನೂ ದೊಡ್ಡದು. ಒಂದು ಹಾಳೆಯನ್ನು ಬಾಗಿಸಲು ಬೇಕಾದ ಬಲ ಅದರ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ ಅರ್ಧವಾದರೆ ಬಿಗಿತ ಅರ್ಧವಾಗುವುದಿಲ್ಲ. ಅರ್ಧದ ಅರ್ಧದ ಅರ್ಧ, ಅಂದರೆ ಎಂಟನೆಯ ಒಂದು ಭಾಗವಾಗುತ್ತದೆ. ಚರ್ಮ ಎಲ್ಲ ಕಡೆ ಒಂದೇ ಸಮನಾದ ವಸ್ತುವಲ್ಲದ್ದರಿಂದ ಲೆಕ್ಕ ಅಷ್ಟು ಕರಾರುವಾಕ್ಕಾಗಿರುವುದಿಲ್ಲ, ಆದರೆ ದಿಕ್ಕು ಅದೇ. ತೆಳುವಾದ ಅಂಚು ಸುಲಭವಾಗಿ ಬಾಗುತ್ತದೆ, ಅಂಟಿದ ಮೇಲೆ ಮತ್ತೆ ಬಿಚ್ಚಿಕೊಳ್ಳಲು ಹವಣಿಸುವುದಿಲ್ಲ, ಹೊರಮೈ ಹೆಚ್ಚು ಹಿಗ್ಗದ್ದರಿಂದ ಬಿರುಕು ಬಿಡುವುದೂ ಕಡಿಮೆ.

ಒಣದ್ರಾಕ್ಷಿಯೂ ಕರಜಿಕಾಯಿಯೂ

ಯಂತ್ರ ಬಂದ ವಾರ ಸೊಲ್ಲಾಪುರ ರಸ್ತೆಯ ಆ ಮನೆಯಲ್ಲಿ ಸಮಾಧಾನವಿರಲಿಲ್ಲ. ನೇರ ಅಂಚುಗಳು ಚೆನ್ನಾಗಿ ಬಂದವು. ಮೂಲೆಗಳಲ್ಲಿ ಮಾತ್ರ ದಪ್ಪ ದಪ್ಪ ಸುಕ್ಕು.

“ಅಪ್ಪಾ, ಮೂಲ್ಯಾಗ ಅಷ್ಟ ಯಾಕ ಹಿಂಗ ಆಗ್ತೈತಿ?”

“ಮಿಕ್ಕಿದ ತೊಗಲ ಎಲ್ಲಿಗಿ ಹೋಗಬೇಕೋ ತಮ್ಮಾ? ಜಾಗಾ ಸಾಲೂದಿಲ್ಲ.”

ತಂದೆ ಆಡಿದ ಮಾತು ವಿಜ್ಞಾನದ ಮಾತೇ. ತಿಕೋಟಾ, ಬಬಲೇಶ್ವರದ ಕಡೆಯ ಮಕ್ಕಳಿಗೆ ದ್ರಾಕ್ಷಿ ಒಣಗಿಸುವುದು ಹೊಸದಲ್ಲ. ಹಸಿ ದ್ರಾಕ್ಷಿ ನುಣುಪಾಗಿ ಉಬ್ಬಿರುತ್ತದೆ. ನೆರಳಿನ ಶೆಡ್ಡಿನಲ್ಲಿ ಒಣಗಿದಂತೆ ಒಳಗಿನ ನೀರು ಹೋಗುತ್ತದೆ, ಗಾತ್ರ ಕುಗ್ಗುತ್ತದೆ, ಆದರೆ ಸಿಪ್ಪೆ ಅಷ್ಟಾಗಿ ಕುಗ್ಗುವುದಿಲ್ಲ. ಮಿಕ್ಕ ಸಿಪ್ಪೆ ಸುಕ್ಕಾಗುತ್ತದೆ. ಇರುವ ಜಾಗಕ್ಕಿಂತ ಹೊದಿಕೆ ಹೆಚ್ಚಾದಲ್ಲೆಲ್ಲ ಸುಕ್ಕು ಬರುತ್ತದೆ. ಪಾಕೀಟಿನ ಮೂಲೆಯಲ್ಲೂ ಆದದ್ದು ಅದೇ.

ಹುಡುಗ ನೋಟ್‌ಬುಕ್ಕು ತೆಗೆದು ಲೆಕ್ಕ ಮಾಡಿದ. ಪಾಕೀಟಿನ ಮೂಲೆ ವೃತ್ತದ ಕಾಲು ಭಾಗ. ಮಡಿಕೆಯ ಗೆರೆಯ ತ್ರಿಜ್ಯ 20 ಮಿ.ಮೀ., ಮಡಚುವ ಅಗಲ 5 ಮಿ.ಮೀ. ಮಡಚುವ ಮೊದಲು ಚರ್ಮದ ಹೊರ ಅಂಚು 25 ಮಿ.ಮೀ. ತ್ರಿಜ್ಯದ ಮೇಲಿದೆ. ಕಾಲು ವೃತ್ತದ ಉದ್ದ ಎಂದರೆ ತ್ರಿಜ್ಯವನ್ನು ಪೈನ ಅರ್ಧದಿಂದ, ಅಂದರೆ 1.57ರಿಂದ ಗುಣಿಸಬೇಕು. 25ಕ್ಕೆ 39.3 ಮಿ.ಮೀ. ಮಡಚಿದ ಮೇಲೆ ಅದೇ ಅಂಚು ಗೆರೆಯಿಂದ ಒಳಕ್ಕೆ ಬಂದು 15 ಮಿ.ಮೀ. ತ್ರಿಜ್ಯದ ಮೇಲೆ ಕೂರಬೇಕು. ಅಲ್ಲಿರುವ ಜಾಗ 23.6 ಮಿ.ಮೀ. ಮಾತ್ರ. ಮಿಕ್ಕದ್ದು 15.7 ಮಿ.ಮೀ. ಸುಮಾರು ಒಂದೂವರೆ ಸೆಂಟಿಮೀಟರ್ ಚರ್ಮಕ್ಕೆ ಜಾಗವೇ ಇಲ್ಲ!

ಮೂಲೆಯನ್ನು ಇನ್ನೂ ದೊಡ್ಡದಾಗಿ ದುಂಡಗೆ ಮಾಡಿದರೆ? ತ್ರಿಜ್ಯ 50 ಮಿ.ಮೀ. ಇರಲಿ. ಹೊರಗೆ 55, ಒಳಗೆ 45. ಉದ್ದಗಳು 86.4 ಮತ್ತು 70.7. ವ್ಯತ್ಯಾಸ ಮತ್ತೆ 15.7! ಹುಡುಗ ಮೂರು ಸಲ ಗುಣಿಸಿ ನೋಡಿದ. ತಪ್ಪಿರಲಿಲ್ಲ. ಮಿಕ್ಕುವ ಚರ್ಮ ಎಷ್ಟು ಎಂಬುದು ತ್ರಿಜ್ಯವನ್ನು ಅವಲಂಬಿಸುವುದೇ ಇಲ್ಲ. ಮಡಿಕೆಯ ಅಗಲವನ್ನೂ, ಅಂಚು ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದನ್ನೂ ಮಾತ್ರ ಅವಲಂಬಿಸುತ್ತದೆ. ಹಾಗಾದರೆ ದೊಡ್ಡ ದುಂಡು ಮೂಲೆ ಸುಲಭವೇಕೆ? ಅದೇ 15.7 ಮಿ.ಮೀ. ಅಲ್ಲಿ ಉದ್ದವಾದ ದಾರಿಯ ಮೇಲೆ ಹಂಚಿಹೋಗುತ್ತದೆ. ಚಿಕ್ಕ ಮೂಲೆಯಲ್ಲಿ ಎಲ್ಲವೂ ಒಂದೇ ಕಡೆ ಗುಂಪಾಗುತ್ತದೆ.

ಇದರಿಂದ ಎರಡು ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಮೂಲೆಯಲ್ಲಿ ಮಡಿಕೆಯ ಅಗಲ ಕಡಿಮೆ ಮಾಡಿ. 5ರ ಬದಲು 4 ಮಿ.ಮೀ. ಆದರೆ ಮಿಕ್ಕುವುದು 12.6ಕ್ಕೆ ಇಳಿಯುತ್ತದೆ. ಉಳಿದದ್ದನ್ನು ಒಂದೆರಡು ದೊಡ್ಡ ಸುಕ್ಕಾಗಲು ಬಿಡದೆ, ಹತ್ತಾರು ಸಣ್ಣ ನಿರಿಗೆಗಳಾಗಿ ಹಂಚಿ.

ಎರಡನೆಯ ಉಪಾಯ ನಮ್ಮ ಅಡುಗೆಮನೆಗಳಿಗೆ ಹಳೆಯದು. ಕರಜಿಕಾಯಿಯ ಬಾಗಿದ ಅಂಚನ್ನು ಅವ್ವ ಹೇಗೆ ಮುಚ್ಚುತ್ತಾಳೆ ನೋಡಿ. ಬೆರಳತುದಿಯಿಂದ ಸ್ವಲ್ಪ ಸ್ವಲ್ಪವೇ ಹಿಡಿದು ಒಂದರ ಪಕ್ಕ ಒಂದು ನಿರಿಗೆ ಮಾಡುತ್ತ ಹೋಗುತ್ತಾಳೆ. ಮಡಚುವ ಯಂತ್ರದಲ್ಲೂ ಇದಕ್ಕೊಂದು ಏರ್ಪಾಡಿದೆ. ಮೂಲೆ ಬಂದಾಗ ಪೆಡಲ್ ಒತ್ತಿದರೆ ಚರ್ಮ ಮುಂದೆ ಸರಿಯುವ ಹೆಜ್ಜೆ ಚಿಕ್ಕದಾಗುತ್ತದೆ, ಸುತ್ತಿಗೆಯ ಪ್ರತಿ ಬಡಿತಕ್ಕೂ ಒಂದು ಪುಟ್ಟ ನಿರಿಗೆ ಕೂರುತ್ತದೆ. ಆ ಮನೆಯ ಯಂತ್ರದಲ್ಲಿ ಪೆಡಲಿನ ಕೊಂಡಿ ಸಡಿಲವಾಗಿತ್ತು. ಒತ್ತಿದರೂ ಹೆಜ್ಜೆ ಚಿಕ್ಕದಾಗುತ್ತಿರಲಿಲ್ಲ. ಒಂದು ತಿರುಪು ಬಿಗಿಮಾಡಿದ ಮೇಲೆ ಅರ್ಧ ತೊಂದರೆ ಹೋಯಿತು. ಮೂಲೆಗೆ ಬಂದಾಗ ಕೈಯ ವೇಗ ಇಳಿಸಲು ಕಲಿತ ಮೇಲೆ ಉಳಿದದ್ದೂ ಹೋಯಿತು.

ಇನ್ನು ಒಳಬಾಗಿದ ಅಂಚು, ಉದಾಹರಣೆಗೆ ಪಾಕೀಟಿನಲ್ಲಿ ಹೆಬ್ಬೆರಳು ಹಾಕಲು ಬಿಟ್ಟ ಅರ್ಧಚಂದ್ರ. ಅಲ್ಲಿ ಲೆಕ್ಕ ತಲೆಕೆಳಗು. ಮಡಚಿದಾಗ ಅಂಚು ಚಿಕ್ಕ ವೃತ್ತದಿಂದ ದೊಡ್ಡ ವೃತ್ತಕ್ಕೆ ಹೋಗಬೇಕು. ಚರ್ಮ ಮಿಕ್ಕುವುದಿಲ್ಲ, ಸಾಲುವುದಿಲ್ಲ. ಎಳೆದರೆ ಹರಿಯುತ್ತದೆ. ಅದಕ್ಕೆ ಅಂಚಿಗೆ ಸಣ್ಣ ಸಣ್ಣ ಕಚ್ಚು ಹಾಕಿ ಬಿಡಿಸಿಕೊಡಬೇಕು. ಯಂತ್ರದಲ್ಲಿರುವ ಪುಟ್ಟ ಕತ್ತಿ ಈ ಕೆಲಸ ಮಾಡುತ್ತದೆ. ಕಚ್ಚು ಮಡಿಕೆಯ ಗೆರೆಯನ್ನು ಮುಟ್ಟಬಾರದು, ಸುಮಾರು ಒಂದು ಮಿ.ಮೀ. ದೂರದಲ್ಲೇ ನಿಲ್ಲಬೇಕು. ಮುಟ್ಟಿದರೆ ಹೊರಗಿನಿಂದ ಕಾಣುತ್ತದೆ, ಮುಂದೆ ಅಲ್ಲಿಂದಲೇ ಹರಿಯುತ್ತದೆ.

ಯಂತ್ರವನ್ನು ನೋಡಿಕೊಳ್ಳುವ ಬಗೆ

ಬೆಳಗ್ಗೆ ಯಂತ್ರ ಚಾಲೂ ಮಾಡಿದ ಕೂಡಲೇ ಓಡಿಸಬಾರದು. ರಾತ್ರಿ ತಣಿದ ಅಂಟು ಪಂಪಿನೊಳಗೂ ಮೂತಿಯೊಳಗೂ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದು ಕರಗುವ ಮೊದಲೇ ಪಂಪು ತಿರುಗಿಸಿದರೆ ಹಲ್ಲು ಮುರಿಯಬಹುದು. ಬಿಸಿ ಗೊತ್ತುಮಾಡಿದ ಮಟ್ಟಕ್ಕೆ ಬರುವವರೆಗೆ ಕಾದು, ಆಮೇಲೆ ಚೂರು ಚರ್ಮದ ಮೇಲೆ ಒಂದು ಮಡಿಕೆ ಮಾಡಿ ನೋಡಬೇಕು. ಆ ದಿನದ ಚರ್ಮದ್ದೇ ಚೂರು ಆಗಿರಬೇಕು. ಮೇಕೆಯ ಚರ್ಮಕ್ಕೆ ಸರಿಯಾದದ್ದು ಎಮ್ಮೆಯ ಚರ್ಮಕ್ಕೆ ಸರಿಯಾಗದು.

ಎಷ್ಟು ಬಿಸಿ ಎಂಬುದನ್ನು ಅಂಟು ತಯಾರಿಸಿದವರು ಪೊಟ್ಟಣದ ಮೇಲೆ ಬರೆದಿರುತ್ತಾರೆ. ಕಡಿಮೆಯಾದರೆ ಅಂಟು ನೂಲುನೂಲಾಗಿ ಎಳೆಯುತ್ತದೆ, ಚರ್ಮದ ಎಳೆಗಳೊಳಗೆ ಇಳಿಯದೆ ಮೇಲೆಯೇ ತಣಿದು ಬಿಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಕಂದಾಗಿ ಸುಟ್ಟು, ಕರಕು ಮೂತಿಯನ್ನು ಮುಚ್ಚುತ್ತದೆ. ಚರ್ಮವೂ ಹೆಚ್ಚು ಬಿಸಿ ಸಹಿಸದು. ಚರ್ಮವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಹಸಿ ತೊಗಲು ನೀರಿನಲ್ಲಿ 60-65 ಡಿಗ್ರಿ ಸೆಲ್ಸಿಯಸ್ಸಿಗೇ ಮುದುಡುತ್ತದೆ. ಜಾಲಿಯ ತೊಗಟೆ, ಅಳಲೆಕಾಯಿಯಂಥವುಗಳಿಂದ ಹದ ಮಾಡಿದ್ದು ಸುಮಾರು 70-85ರಲ್ಲಿ. ಕ್ರೋಮಿಯಮ್ ಲವಣದಿಂದ ಹದ ಮಾಡಿದ್ದು 100ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಚರ್ಮ ಒಣಗಿದ್ದರೆ ಇನ್ನೂ ಹೆಚ್ಚು ತಡೆದುಕೊಳ್ಳುತ್ತದೆ. ಅಂಟು ತೆಳುವಾಗಿರುವುದರಿಂದಲೂ ಬೇಗ ತಣಿಯುವುದರಿಂದಲೂ ಚರ್ಮ ಬದುಕುತ್ತದೆ. ಒದ್ದೆಯಾದ ತುಂಡನ್ನು ಯಂತ್ರಕ್ಕೆ ಕೊಟ್ಟರೆ ಅಂಚು ಮುದುಡುವುದು ಇದರಿಂದಲೇ.

ಊಟಕ್ಕೆ ಏಳುವಾಗ ಬಿಸಿ ಇಳಿಸಬೇಕು. ತಾಸುಗಟ್ಟಲೆ ಕಾದ ಅಂಟು ಹುರಿದ ಎಣ್ಣೆಯಂತೆ ಕೆಡುತ್ತದೆ. ವಿದ್ಯುತ್ತು ಹೋಗಿ ಬಂದಾಗ ಮತ್ತೆ ಪೂರ್ತಿ ಕಾಯುವವರೆಗೆ ತಾಳ್ಮೆ ಬೇಕು. ಕೆಲಸ ಮುಗಿದ ಮೇಲೆ ಮಡಚುವ ಲೋಹದ ಮೇಲೆ ಹತ್ತಿದ ಅಂಟನ್ನು, ಅದಿನ್ನೂ ಬೆಚ್ಚಗೆ ಮೆತ್ತಗಿರುವಾಗಲೇ, ಕಟ್ಟಿಗೆಯ ಅಥವಾ ಹಿತ್ತಾಳೆಯ ಚಕ್ಕೆಯಿಂದ ತೆಗೆಯಬೇಕು. ಉಕ್ಕಿನ ಚೂರಿ ಬಳಸಿದರೆ ಗೀರು ಬೀಳುತ್ತದೆ. ಗೀರಿನಲ್ಲಿ ಮರುದಿನ ಅಂಟು ಇನ್ನೂ ಹೆಚ್ಚು ಹಿಡಿಯುತ್ತದೆ, ಚರ್ಮದ ಮೇಲೂ ಆ ಗೀರು ಮೂಡುತ್ತದೆ.

ಎಣ್ಣೆ ಬಿಡುವಾಗ ಕೈ ಹಿಡಿತದಲ್ಲಿರಲಿ. ತಯಾರಕರು ಹೇಳಿದ ತೂತುಗಳಿಗೆ ಒಂದೆರಡು ತೊಟ್ಟು ಸಾಕು. ಹೆಚ್ಚಾದ ಎಣ್ಣೆ ಚರ್ಮಕ್ಕೆ ಹತ್ತಿದರೆ ಕಲೆ ಹೋಗುವುದಿಲ್ಲ. ಎಣ್ಣೆ ಹತ್ತಿದಲ್ಲಿ ಅಂಟೂ ಹಿಡಿಯುವುದಿಲ್ಲ. ಕಚ್ಚು ಹಾಕುವ ಕತ್ತಿ ಮೊಂಡಾದರೆ ಚರ್ಮವನ್ನು ಕತ್ತರಿಸದೆ ಜಗ್ಗುತ್ತದೆ. ಸ್ಕೈವಿಂಗ್ ಯಂತ್ರದ ಅಲಗು ಮೊಂಡಾದರೆ ಹೆರೆತ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಎಷ್ಟೋ ಸಲ ಮಡಚುವ ಯಂತ್ರದ ಮೇಲೆ ಹೊರಿಸುವ ತಪ್ಪು ನಿಜವಾಗಿ ಹೆರೆಯುವ ಯಂತ್ರದ್ದಾಗಿರುತ್ತದೆ. ಮಡಿಕೆ ಅಂಕುಡೊಂಕಾದರೆ ಮೊದಲು ತಡೆ ಸಡಿಲವಾಗಿದೆಯೇ ನೋಡಿ. ಉಬ್ಬಾದರೆ ಹೆರೆತ ನೋಡಿ. ಬಿಚ್ಚಿಕೊಂಡರೆ ಬಿಸಿ ಮತ್ತು ಎಣ್ಣೆ ನೋಡಿ. ಚರ್ಮದ ಮೇಲೆ ಸುತ್ತಿಗೆಯ ಗುರುತು ಬಿದ್ದರೆ ಒತ್ತಡ ಇಳಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನೂ ಒಟ್ಟಿಗೆ ತಿರುವಿದರೆ ಯಾವುದು ಸರಿಹೋಯಿತೆಂದು ತಿಳಿಯುವುದೇ ಇಲ್ಲ. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಶುಚಿ ಮಾಡುವಾಗ, ಎಣ್ಣೆ ಬಿಡುವಾಗ, ಸೂಜಿಯಷ್ಟು ಕಸ ತೆಗೆಯುವಾಗ ಕೂಡ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕಿತ್ತಿಡಬೇಕು. ಸುತ್ತಿಗೆಗೆ ಚರ್ಮವೂ ಬೆರಳೂ ಒಂದೇ. ಬೆರಳಿನ ಕಾವಲು ತಟ್ಟೆಯನ್ನು ಅಡ್ಡವಾಗುತ್ತದೆಂದು ಬಿಚ್ಚಿಡುವವರಿದ್ದಾರೆ, ಬಿಚ್ಚಿಡಬಾರದು. ಯಂತ್ರಕ್ಕೆ ಅರ್ಥಿಂಗ್ ಇರಬೇಕು. ಅಂಗಿಯ ತೋಳು, ಸೀರೆಯ ಸೆರಗು, ಜಡೆ ಒಳಗೆ ಸಿಕ್ಕದಂತೆ ಕಟ್ಟಿಕೊಳ್ಳಬೇಕು. ಹೆರೆದ ಚರ್ಮದ ಧೂಳು ಮೂಗಿಗೆ ಹೋಗದಂತೆ ಮುಖಗವಸು ಬೇಕು. ಚರ್ಮದ ಧೂಳಿನಿಂದ ಮೂಗಿನ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತಪಡಿಸಿದೆ. ಶಾಲೆಗೆ ಹೋಗುವ ಮಕ್ಕಳು ಓಡುವ ಯಂತ್ರದ ಮುಂದೆ ಕೂರಬಾರದು. ಲೆಕ್ಕ ಮಾಡಿಕೊಡಲಿ, ಅಳತೆ ಹಿಡಿಯಲಿ, ಅಷ್ಟು ಸಾಕು.

ದ್ರಾವಕದ ಅಂಟನ್ನು ಪೂರ್ತಿ ಬಿಡಲಾಗದ ಕೆಲಸಗಳಿರುತ್ತವೆ. ಆಗ ಪಡಸಾಲೆಯಲ್ಲಿ, ಬಯಲಿಗೆ ಬಾಗಿಲು ತೆರೆದು, ಬೇಕಾದಷ್ಟನ್ನೇ ಸಣ್ಣ ಬಟ್ಟಲಿಗೆ ಸುರಿದುಕೊಂಡು, ಡಬ್ಬಿ ಮುಚ್ಚಿಟ್ಟು ಬಳಸಬೇಕು. ಹತ್ತಿರ ಒಲೆ, ದೀಪ, ಬೀಡಿ ಇರಬಾರದು. ಭಾರವಾದ ಆವಿ ನೆಲದ ಮೇಲೆ ಹರಿದು ಹೋಗಿ ಬೆಂಕಿ ಹಿಡಿಯುತ್ತದೆ.

ಮಡಚದ ಅಂಚು, ಬಗ್ಗದ ತಲೆ

ಚರ್ಮದ ವಸ್ತುಗಳ ಅಂಚನ್ನೆಲ್ಲ ಮಡಚಲೇಬೇಕೆಂದಿಲ್ಲ. ವಿಜಯಪುರದಿಂದ ತಿಕೋಟಾ ದಾಟಿ ಮುಂದೆ ಹೋದರೆ ಅಥಣಿ. ಕೊಲ್ಹಾಪುರಿ ಚಪ್ಪಲಿಯ ಹೆಸರು ಕೊಲ್ಹಾಪುರದ್ದಾದರೂ ಅದನ್ನು ಮಾಡುವ ಕೈಗಳು ಬಹಳಷ್ಟು ಇರುವುದು ಅಥಣಿ, ನಿಪ್ಪಾಣಿಯಂಥ ಊರುಗಳಲ್ಲಿ. ಅದರ ದಪ್ಪ ಅಟ್ಟೆಯನ್ನು ಮಡಚಲಾಗದು. ಅಂಚನ್ನು ನೀಟಾಗಿ ಕತ್ತರಿಸಿ ನುಣುಪು ಮಾಡುತ್ತಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಅದು ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಂದರೆ ಸೊಲ್ಲಾಪುರ ರಸ್ತೆಯ ಎರಡು ತುದಿಗಳೂ ಆ ಪಟ್ಟಿಯಲ್ಲಿವೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿ, ಮೊದಲು ಊರಿನ ಹೆಸರು ಹೇಳದೆ, ಜನ ಎತ್ತಿಹೇಳಿದ ಮೇಲೆ ಮೂಲ ಒಪ್ಪಿಕೊಂಡದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು.

ಈ ಜಿಲ್ಲೆಯ ನೆಲಕ್ಕೆ ಇನ್ನೂ ಹಳೆಯ ನೆನಪಿದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವರ ಜತೆ ನಿಂತ ಶರಣರಲ್ಲಿ ಚಪ್ಪಲಿ ಮಾಡುವ ಹರಳಯ್ಯನೂ ಒಬ್ಬ. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಇಲ್ಲಿನ ಮಕ್ಕಳೆಲ್ಲ ಕೇಳಿ ಬೆಳೆಯುತ್ತಾರೆ. ಕಥೆ ಕೇಳಿ ಕೈಮುಗಿಯುವ ನಾವೇ ಅದೇ ಕೆಲಸ ಮಾಡುವವನ ಮಗ ಅರ್ಜಿಯಲ್ಲಿ ‘ವ್ಯಾಪಾರ’ ಎಂದು ಬರೆಯುವಂತೆ ಮಾಡಿದ್ದೇವೆ.

ತಂದೆಯ ಕೆಲಸವನ್ನೇ ಮಗ ಮಾಡಬೇಕೆಂದು ಯಾರೂ ಹೇಳಲಾಗದು. ಹಾಗೆ ಕಟ್ಟಿಹಾಕಿದ್ದೇ ಹಿಂದಿನ ತಪ್ಪು. ಆದರೆ ಅದೇ ಕೆಲಸವನ್ನು ಓದಿ ಮಾಡಲು ಇಷ್ಟಪಡುವವರಿಗೆ ದಾರಿಗಳಿವೆ. ಬೆಂಗಳೂರಿನಲ್ಲಿ ಕರ್ನಾಟಕ ಚರ್ಮ ತಂತ್ರಜ್ಞಾನ ಸಂಸ್ಥೆಯಿದೆ. ಚೆನ್ನೈನಲ್ಲಿ 1948ರಲ್ಲಿ ಆರಂಭವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿದೆ. ಅದೇ ನಗರದ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಚರ್ಮ ತಂತ್ರಜ್ಞಾನದ ಬಿ.ಟೆಕ್. ಪದವಿಯಿದೆ. 1976ರಲ್ಲಿ ಸ್ಥಾಪನೆಯಾದ ಲಿಡ್ಕರ್, ಅಂದರೆ ಈಗಿನ ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಕುಶಲಕರ್ಮಿಗಳಿಗಾಗಿಯೇ ಇದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವವರೂ ಸೇರಿದ್ದಾರೆ. ತಂದೆತಾಯಿಗಳು ಹತ್ತಿರದ ಕಚೇರಿಯಲ್ಲಿ ವಿಚಾರಿಸಿ ನೋಡಬಹುದು.

ಮನೆಯಲ್ಲೇ ಮಾಡಿ ನೋಡಿ

ದಪ್ಪ ಕಾಗದದ ಮೇಲೆ 2 ಸೆಂ.ಮೀ. ತ್ರಿಜ್ಯದ ಕಾಲು ವೃತ್ತದ ಮೂಲೆ ಬರೆಯಿರಿ. ಅರ್ಧ ಸೆಂ.ಮೀ. ಹೊರಗೆ ಇನ್ನೊಂದು ಗೆರೆ, ಅರ್ಧ ಸೆಂ.ಮೀ. ಒಳಗೆ ಮತ್ತೊಂದು ಗೆರೆ ಎಳೆಯಿರಿ. ಮೂರೂ ಗೆರೆಗಳ ಮೇಲೆ ದಾರವಿಟ್ಟು ಅಳೆಯಿರಿ. ಹೊರಗೆರೆಯ ಮೇಲೆ ಕತ್ತರಿಸಿ, ನಡುಗೆರೆಯ ಮೇಲೆ ಮಡಚಲು ಪ್ರಯತ್ನಿಸಿ. ಒಮ್ಮೆ ಒಂದೇ ಸಲ ಮಡಚಿ, ಇನ್ನೊಮ್ಮೆ ಸಣ್ಣ ನಿರಿಗೆಗಳಾಗಿ ಮಡಚಿ. 5 ಸೆಂ.ಮೀ. ತ್ರಿಜ್ಯಕ್ಕೂ ಇದನ್ನೇ ಮಾಡಿ. ಹೊರಗೆರೆಗೂ ಒಳಗೆರೆಗೂ ಇರುವ ವ್ಯತ್ಯಾಸ ಎರಡರಲ್ಲೂ ಏಕೆ ಒಂದೇ ಎಂಬುದನ್ನು ಬೀಜಗಣಿತದಿಂದ ಸಾಧಿಸಿ. ಎರಡೇ ಸಾಲಿನ ಸಾಧನೆ.

ಆ ಮನೆಯ ತಂದೆಗೆ ಮೊದಲ ಎರಡು ತಿಂಗಳು ಏನೂ ಫರಕು ಕಾಣಲಿಲ್ಲ. ಆಮೇಲೆ ಜೋಮು ಮೊಣಕಾಲಿನ ಕಡೆಯಿಂದ ಕೆಳಗಿಳಿಯತೊಡಗಿತು. ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಅಂಗಳಕ್ಕೆ ಬರಿಗಾಲಲ್ಲಿ ಇಳಿದವನು ಥಟ್ಟನೆ ಹಿಂದೆ ಸರಿದ.

“ಯಪ್ಪಾ! ನೆಲ ಎಷ್ಟ ಕಾದೈತಿ!”

ತಾಯಿ ಹೊಲಿಗೆ ನಿಲ್ಲಿಸಿ ನೋಡಿದಳು. ಬಿಜಾಪುರದ ಬಿಸಿಲನ್ನು ಬೈಯದವರು ಯಾರೂ ಇಲ್ಲ. ಆ ದಿನ ಮಾತ್ರ ಆ ಮನೆಯಲ್ಲಿ ಯಾರೂ ಬೈಯಲಿಲ್ಲ.